ಪಹಣಿಯಲ್ಲಿಲ್ಲದವರ ಪಾಲು
ಪಾವಗಡದ ಸೌರಕ್ಷೇತ್ರವನ್ನು ಕುರಿತ ವಿವೇಚನೆ

‘ಬಾಳಿಕೆ’ ಎಂಬ ಶಬ್ದವು ‘ಬಾಳ್’ ಎಂಬ ಧಾತುವಿನಿಂದ ನಿಷ್ಪನ್ನವಾದುದು. ಈ ಬಟ್ಟೆ ಬಾಳಿಕೆ ಬರುವುದು, ಈ ತೊಲೆ ಮೂರು ತಲೆಮಾರು ಬಾಳಿಕೆ ಬಂದಿತು ಎಂದು ಗೃಹಸ್ಥರು ನಿತ್ಯವೂ ಆಡುವರು. ಇಂದು ಸರ್ಕಾರಗಳೂ ಉದ್ಯಮಗಳೂ ‘ಸುಸ್ಥಿರತೆ’ ಎಂಬ ಹೆಸರಿನಿಂದ ಉದ್ಘೋಷಿಸುತ್ತಿರುವುದು ಈ ಬಾಳಿಕೆಯನ್ನೇ. ಆದರೆ ವಸ್ತುವಿನ ಬಾಳಿಕೆ ಬೇರೆ, ವ್ಯವಸ್ಥೆಯ ಬಾಳಿಕೆ ಬೇರೆ. ತೊಲೆಯು ಯಾರೂ ವಾಸವಿಲ್ಲದ ಮನೆಯಲ್ಲಿಯೂ ನಿಂತಿರಬಲ್ಲುದು. ಉದ್ಯಮ, ಸರ್ಕಾರ, ಜನಸಮುದಾಯ ಈ ಮೂರೂ ಕೂಡಿ ಕಟ್ಟಿದ ವ್ಯವಸ್ಥೆಯಾದರೋ ಅದರ ಆಶ್ರಯದಲ್ಲಿರುವ ಜನರು ಬಾಳಿದರೆ ಮಾತ್ರ ಬಾಳುವುದು. ಹಾಗಾದರೆ ‘ಜನರು’ ಎಂದರೆ ಯಾರು? ಒಡಂಬಡಿಕೆಗೆ ರುಜು ಹಾಕಿದವರು ಮಾತ್ರವೇ? ಅಥವಾ ರುಜು ಹಾಕುವ ಹಕ್ಕಿಲ್ಲದೆ ಅದೇ ಭೂಮಿಯನ್ನು ನಂಬಿ ಬದುಕುತ್ತಿದ್ದವರೂ ಆ ಎಣಿಕೆಗೆ ಸೇರುವರೇ? ಪ್ರಕೃತ ವಿವೇಚನೆಗೆ ವಿಷಯವಾದುದು ಈ ಪ್ರಶ್ನೆ. ಇದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಅರಸಬೇಕಾಗಿಲ್ಲ; ಕರ್ನಾಟಕದ ಪಾವಗಡದಲ್ಲಿಯೇ ಅದು ದೊರೆಯುವುದು.

೧. ಕ್ಷೇತ್ರದ ಸ್ವರೂಪ

ತುಮಕೂರು ಜಿಲ್ಲೆಯ ಉತ್ತರದ ತುದಿಯಲ್ಲಿ, ಬಹುಭಾಗ ಆಂಧ್ರಪ್ರದೇಶದ ಸೀಮೆಯಿಂದ ಸುತ್ತುವರಿಯಲ್ಪಟ್ಟ ತಾಲ್ಲೂಕು ಪಾವಗಡ. ಕಲ್ಲುಬೆಟ್ಟಗಳ ನಾಡು, ಮಳೆ ಅತ್ಯಲ್ಪ, ಅಂತರ್ಜಲವು ಆಳಕ್ಕಿಳಿದಿದೆ, ದೊರೆತ ನೀರಿನಲ್ಲಿಯೂ ಫ್ಲೋರೈಡಿನ ದೋಷವುಂಟು. ಆರು ದಶಕಗಳಲ್ಲಿ ಐವತ್ತಕ್ಕೂ ಹೆಚ್ಚು ಬಾರಿ ಬರಪೀಡಿತವೆಂದು ಘೋಷಿತವಾದ ತಾಲ್ಲೂಕು ಎಂಬ ದುಃಖದ ಕೀರ್ತಿ ಇದಕ್ಕೆ ಬಂದಿದೆ. ಕಡಲೆಕಾಯಿಯೇ ಇಲ್ಲಿನ ಮುಖ್ಯ ಬೆಳೆ. ಬೆಳೆ ಕೈಕೊಟ್ಟ ವರ್ಷ ಯುವಕರು ಬೆಂಗಳೂರಿನ ಹಾದಿ ಹಿಡಿಯುವರು. ಮಳೆಯನ್ನು ಕೊಡದ ಆಕಾಶವು ಈ ನಾಡಿಗೆ ಬಿಸಿಲನ್ನು ಮಾತ್ರ ಧಾರಾಳವಾಗಿ ಕೊಟ್ಟಿತು. ಅನೇಕ ತಲೆಮಾರುಗಳ ಪರ್ಯಂತ ಶಾಪವೆಂದು ತಿಳಿದಿದ್ದ ಆ ಬಿಸಿಲೇ ಒಂದು ದಿನ ಬೆಳೆಯಾಗಬಹುದೆಂದು ಯಾರೂ ಭಾವಿಸಿರಲಿಲ್ಲ.

ಈ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳಲ್ಲಿ ಸುಮಾರು ೧೩,೦೦೦ ಎಕರೆ ಭೂಮಿಯ ಮೇಲೆ ಇಂದು ಸೌರಫಲಕಗಳು ಹರಡಿಕೊಂಡಿವೆ. ೨೦೧೮ರ ಮಾರ್ಚ್ ೧ರಂದು ಆಗಿನ ಮುಖ್ಯಮಂತ್ರಿಗಳಾಗಿದ್ದ ಶ್ರೀ ಸಿದ್ದರಾಮಯ್ಯನವರಿಂದ ‘ಶಕ್ತಿಸ್ಥಳ’ ಎಂಬ ಹೆಸರಿನಲ್ಲಿ ಇದರ ಮೊದಲ ಹಂತವು ಲೋಕಾರ್ಪಿತವಾಯಿತು. ೨೦೧೯ರ ಅಂತ್ಯದ ವೇಳೆಗೆ ಒಟ್ಟು ೨,೦೫೦ ಮೆಗಾವಾಟ್ ಸಾಮರ್ಥ್ಯದ ಕ್ಷೇತ್ರವು ಪೂರ್ಣಗೊಂಡು, ಜಗತ್ತಿನ ಅತಿದೊಡ್ಡ ಸೌರಕ್ಷೇತ್ರಗಳ ಪಂಕ್ತಿಯಲ್ಲಿ ಸೇರಿತು.

೨. ಮೂವರ ಒಡಂಬಡಿಕೆ

ಈ ಕಾರ್ಯವನ್ನು ಒಬ್ಬರೇ ಮಾಡಲಿಲ್ಲ. ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮವೂ ಕೇಂದ್ರದ ಸೌರಶಕ್ತಿ ನಿಗಮವೂ ಕೂಡಿ ೨೦೧೫ರಲ್ಲಿ ‘ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದವು. ರೈತರಿಂದ ಭೂಮಿಯನ್ನು ಗುತ್ತಿಗೆಗೆ ಪಡೆದು, ದಾರಿ, ವಿದ್ಯುತ್ ಉಪಕೇಂದ್ರ ಮೊದಲಾದವುಗಳನ್ನು ಅಣಿಗೊಳಿಸಿ, ಉದ್ಯಮಗಳಿಗೆ ಹಂಚಿಕೊಡುವುದು ಈ ಸಂಸ್ಥೆಯ ಕೆಲಸ. ಉದ್ಯಮಗಳು ಹರಾಜಿನಲ್ಲಿ ಸ್ಪರ್ಧಿಸಿ, ಫಲಕಗಳನ್ನು ಹೂಡಿ, ಉತ್ಪನ್ನವಾದ ವಿದ್ಯುತ್ತನ್ನು ನಿಶ್ಚಿತ ದರಕ್ಕೆ ದೀರ್ಘಕಾಲ ಮಾರುವುವು. ಸುಮಾರು ೨,೩೦೦ ರೈತರು ಭೂಮಿಯನ್ನು ಕೊಟ್ಟರು. ಹೀಗೆ ಸರ್ಕಾರವು ವಿಶ್ವಾಸವನ್ನೂ, ಉದ್ಯಮವು ಬಂಡವಾಳವನ್ನೂ, ಸಮುದಾಯವು ನೆಲವನ್ನೂ ತಂದು ಒಂದೆಡೆ ಸೇರಿಸಿದುವು.

ಇಲ್ಲಿ ಮುಖ್ಯವಾಗಿ ಶ್ಲಾಘಿಸತಕ್ಕ ಅಂಶವೆಂದರೆ ಭೂಮಿಯನ್ನು ಕಿತ್ತುಕೊಳ್ಳದೆ ಇದ್ದುದು. ಅಣೆಕಟ್ಟು, ಕಾರ್ಖಾನೆ, ಗಣಿಗಳಿಗಾಗಿ ಸ್ವಾಧೀನಕ್ಕೆ ಹೋದ ಭೂಮಿಯು ರೈತನಿಗೆ ಮರಳಿ ಬಂದ ಉದಾಹರಣೆಗಳು ಬಹು ವಿರಳ. ಪಾವಗಡದಲ್ಲಿ ಮಾಲೀಕತ್ವವು ರೈತನಲ್ಲಿಯೇ ಉಳಿಯಿತು. ೨೮ ವರ್ಷಗಳ ಗುತ್ತಿಗೆ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ ಗೇಣಿ. ಎರಡು ವರ್ಷಗಳಿಗೊಮ್ಮೆ ಶೇಕಡಾ ೫ರ ಏರಿಕೆ. ಬಿತ್ತಿದ ಬೀಜವೂ ಕೈಗೆ ಬಾರದಿದ್ದ ನೆಲದಿಂದ ಮಳೆ ಬಂದರೂ ಬಾರದಿದ್ದರೂ ಗೇಣಿ ಬರುವುದೆಂದರೆ, ಸಾಲದಲ್ಲಿ ಮುಳುಗಿದ್ದ ಕುಟುಂಬಕ್ಕೆ ಅದು ಸಾಮಾನ್ಯ ಉಪಕಾರವಲ್ಲ. ಹತ್ತು ಎಕರೆ ಬೆದ್ದಲು ಉಳ್ಳವನಿಗೆ ವರ್ಷಕ್ಕೆ ಎರಡು ಲಕ್ಷದ ಹತ್ತು ಸಾವಿರ ರೂಪಾಯಿ ನಿಶ್ಚಿತವಾದ ಆದಾಯವಾಯಿತು. ಈ ಗುಣವನ್ನು ಮರೆತು ದೋಷವನ್ನು ಮಾತ್ರ ಎಣಿಸುವುದು ನ್ಯಾಯವಲ್ಲ.

೩. ಗೇಣಿಯ ಲೆಕ್ಕ

ಆದರೆ ಗುಣವನ್ನು ಒಪ್ಪಿದ ಮೇಲೆ ಲೆಕ್ಕವನ್ನೂ ನೋಡತಕ್ಕದ್ದು. ಎರಡು ವರ್ಷಗಳಿಗೊಮ್ಮೆ ಶೇಕಡಾ ೫ರಂತೆ ೨೮ ವರ್ಷಗಳಲ್ಲಿ ಹದಿಮೂರು ಏರಿಕೆಗಳಾಗುವುವು. ಪ್ರತಿಯೊಂದು ಏರಿಕೆಯೂ ಹಿಂದಿನ ಮೊತ್ತದ ಮೇಲೆ ಎಂದಿಟ್ಟುಕೊಂಡರೆ ಕೊನೆಯ ಎರಡು ವರ್ಷಗಳ ಗೇಣಿಯು ಎಕರೆಗೆ ಸುಮಾರು ೩೯,೬೦೦ ರೂಪಾಯಿ ಆಗುವುದು. ಹೆಚ್ಚುಕಡಿಮೆ ಇಮ್ಮಡಿಯಾಯಿತೆಂದು ಸಂತೋಷವಾಗಬಹುದು. ಆದರೆ ಪದಾರ್ಥಗಳ ಬೆಲೆಯು ಎರಡು ವರ್ಷಕ್ಕಲ್ಲ, ಪ್ರತಿವರ್ಷವೂ ಶೇಕಡಾ ೫ರಂತೆ ಏರಿತೆಂದು ಭಾವಿಸಿದರೆ, ಅಷ್ಟು ಕಾಲದಲ್ಲಿ ಬೆಲೆಗಳು ಮೂರೂವರೆ ಪಟ್ಟಾಗುವುವು. ಆಗ ಆ ೩೯,೬೦೦ ರೂಪಾಯಿಗೆ ಮೊದಲ ವರ್ಷದ ೧೧,೧೦೦ ರೂಪಾಯಿಯಷ್ಟೇ ಕೊಳ್ಳುವ ಶಕ್ತಿಯಿರುವುದು. ಅಂಕಿ ಇಮ್ಮಡಿಯಾಗುತ್ತ ಬಂದಂತೆ ಅನ್ನವು ಅರ್ಧಕ್ಕೆ ಇಳಿಯುವುದು. ತಂದೆ ರುಜು ಹಾಕಿದ ಪತ್ರದ ಈ ಪರಿಣಾಮವನ್ನು ಅನುಭವಿಸತಕ್ಕವನು ಮಗ.

ಈ ಲೆಕ್ಕದ ಇನ್ನೊಂದು ಮುಖವೂ ಉಂಟು. ೧೩,೦೦೦ ಎಕರೆಗೆ ೨,೦೫೦ ಮೆಗಾವಾಟ್ ಎಂದರೆ ಒಂದು ಮೆಗಾವಾಟಿಗೆ ಸುಮಾರು ಆರೂಕಾಲು ಎಕರೆ. ಅಷ್ಟು ನೆಲದ ಗೇಣಿ, ಮೊದಲ ದರದಂತೆ, ವರ್ಷಕ್ಕೆ ೧ ಲಕ್ಷದ ೩೩ ಸಾವಿರ ರೂಪಾಯಿ. ರಾತ್ರಿ, ಮೋಡ, ಧೂಳುಗಳನ್ನು ಕಳೆದು ವರ್ಷದ ಗಂಟೆಗಳಲ್ಲಿ ಐದನೆಯ ಒಂದು ಭಾಗ ಮಾತ್ರ ಪೂರ್ಣಶಕ್ತಿಯ ಉತ್ಪಾದನೆ ಎಂದಿಟ್ಟುಕೊಂಡರೂ ಒಂದು ಮೆಗಾವಾಟಿನಿಂದ ವರ್ಷಕ್ಕೆ ಸುಮಾರು ಹದಿನೇಳೂವರೆ ಲಕ್ಷ ಯೂನಿಟ್ ವಿದ್ಯುತ್ ದೊರೆಯುವುದು. ಭಾಗಿಸಿ ನೋಡಿದರೆ, ಒಂದು ಯೂನಿಟ್ಟಿನಲ್ಲಿ ನೆಲದ ಪಾಲು ಸುಮಾರು ಏಳೂವರೆ ಪೈಸೆ! ಮಿಕ್ಕುದೆಲ್ಲವೂ ಲಾಭವೆಂದು ತಿಳಿಯಲಾಗದು. ಫಲಕ, ಯಂತ್ರ, ಸಾಲದ ಬಡ್ಡಿ, ಸಾಗಣೆ ಇವುಗಳ ವೆಚ್ಚವು ದೊಡ್ಡದು. ಆದರೂ ನೆಲದ ಪಾಲು ಇಷ್ಟು ಅಲ್ಪವಾಗಿರುವಲ್ಲಿ, ಆ ನೆಲವನ್ನು ನಂಬಿದವರೆಲ್ಲರಿಗೂ ನ್ಯಾಯ ಒದಗಿಸುವುದು ಉದ್ಯಮಕ್ಕೆ ಅಸಾಧ್ಯವಾದ ಭಾರವಲ್ಲವೆಂಬುದು ಸಿದ್ಧವಾಗುವುದು.

೪. ಪಹಣಿಯಲ್ಲಿಲ್ಲದವರು

ಗೇಣಿಯು ಪಹಣಿಯನ್ನು ಅನುಸರಿಸಿ ಹೋಗುವುದು. ಪಹಣಿಯಲ್ಲಿ ಯಾರ ಹೆಸರಿದೆಯೋ ಅವರ ಖಾತೆಗೆ ಹಣವು ಸೇರುವುದು. ಇದು ಕಾನೂನಿಗೆ ಒಪ್ಪಿದ ಮಾರ್ಗವೇ ಸರಿ. ಆದರೆ ಒಂದು ಹೊಲವು ಪಹಣಿಯಲ್ಲಿ ಹೆಸರಿರುವ ಒಬ್ಬನನ್ನು ಮಾತ್ರ ಸಾಕುವುದಿಲ್ಲ. ಕಳೆ ಕೀಳುವ ಹೆಣ್ಣುಮಕ್ಕಳು, ಕಡಲೆಕಾಯಿ ಬಿಡಿಸುವ ಕೂಲಿಯವರು, ಕೋರಿಗೆ ಉಳುವ ಭೂಹೀನರು, ಕೊಯ್ಲಾದ ಹೊಲದಲ್ಲಿ ಕುರಿ ಮೇಯಿಸುವವರು, ನೇಗಿಲು ಕುಂಟೆಗಳನ್ನು ಸರಿಪಡಿಸುವ ಬಡಗಿ ಕಮ್ಮಾರರು ಇವರೆಲ್ಲರೂ ಆ ಹೊಲದ ಅನ್ನವನ್ನೇ ಉಣ್ಣುವರು. ಸರ್ಕಾರಿ ಜಮೀನನ್ನು ಹಕ್ಕುಪತ್ರವಿಲ್ಲದೆ ಸಾಗುವಳಿ ಮಾಡಿಕೊಂಡು ಬಂದ ಬಡವರೂ ಹಳ್ಳಿಗಳಲ್ಲಿ ಉಂಟು. ಇನ್ನು ಮನೆಯ ಹೆಂಗಸರ ವಿಷಯ: ಹೊಲದ ಕೆಲಸದ ಅರ್ಧಕ್ಕಿಂತ ಹೆಚ್ಚನ್ನು ಮಾಡಿದರೂ ಪಹಣಿಯಲ್ಲಿ ಸಾಮಾನ್ಯವಾಗಿ ಗಂಡಸಿನ ಹೆಸರೇ ಇರುವುದು, ಗೇಣಿಯ ಹಣವೂ ಅವನ ಕೈಗೇ ಹೋಗುವುದು.

ಭೂಮಿಗೆ ಬೇಲಿ ಬಿದ್ದೊಡನೆ ಇವರೆಲ್ಲರ ಪಾಲೂ ನಿಲ್ಲುವುದು. ನಿಂತುದಕ್ಕೆ ಯಾವ ಪತ್ರದಲ್ಲಿಯೂ ದಾಖಲೆಯಿರುವುದಿಲ್ಲ. ಫಲಕಗಳನ್ನು ಹೂಡುವ ಕಾಲದಲ್ಲಿ ಸಾವಿರಾರು ಕೈಗಳಿಗೆ ಕೆಲಸವಿರುವುದು ನಿಜ. ಹೂಡಿ ಮುಗಿದ ಮೇಲೆ ಸೌರಕ್ಷೇತ್ರಕ್ಕೆ ಬೇಕಾಗುವವರು ಕೆಲವರು ತಂತ್ರಜ್ಞರು, ಹುಲ್ಲು ಕೊಯ್ಯುವವರು, ಫಲಕ ತೊಳೆಯುವವರು, ಕಾವಲುಗಾರರು ಇಷ್ಟೇ. ಹೊಲವು ವರ್ಷವಿಡೀ ಕೊಡುತ್ತಿದ್ದ ನೂರಾರು ಬಗೆಯ ಸಣ್ಣ ಕೆಲಸಗಳಿಗೆ ಇದು ಸಮವಲ್ಲ.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ೨೦೧೩ರ ಭೂಸ್ವಾಧೀನ ಕಾಯಿದೆಯು ಖಾಸಗಿ ಕಂಪನಿಗಾಗಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಬೇಕಾದರೆ ಬಾಧಿತ ಕುಟುಂಬಗಳಲ್ಲಿ ಶೇಕಡಾ ೮೦ರಷ್ಟರ ಸಮ್ಮತಿ ಬೇಕೆಂದು ವಿಧಿಸಿತು. ಸಾಮಾಜಿಕ ಪರಿಣಾಮದ ಪರಿಶೀಲನೆಯನ್ನು ಕಡ್ಡಾಯಗೊಳಿಸಿತು. ಅಷ್ಟೇ ಅಲ್ಲ, ‘ಬಾಧಿತ ಕುಟುಂಬ’ ಎಂಬ ಪದದ ಅರ್ಥವನ್ನು ವಿವರಿಸುವಾಗ, ಸ್ವಂತ ಭೂಮಿಯಿಲ್ಲದೆ ಆ ಪ್ರದೇಶದಲ್ಲಿ ಮೂರು ವರ್ಷಗಳಿಂದ ಕೂಲಿ, ಗೇಣಿ, ಪಾಲುಗಾರಿಕೆ, ಕುಶಲಕರ್ಮಗಳಿಂದ ಜೀವಿಸುತ್ತಿದ್ದ ಕುಟುಂಬಗಳನ್ನೂ ಅದರಲ್ಲಿ ಸೇರಿಸಿತು. ಭೂಹೀನನೂ ಭೂಮಿಯ ಸಂಬಂಧಿಯೇ ಎಂಬ ತತ್ತ್ವಕ್ಕೆ ಹೀಗೆ ಶಾಸನದಲ್ಲಿ ಸ್ಥಾನ ದೊರೆಯಿತು. ಆದರೆ ಪಾವಗಡದಲ್ಲಿ ನಡೆದುದು ಸ್ವಾಧೀನವಲ್ಲ, ಗುತ್ತಿಗೆ. ಸ್ವಾಧೀನವಿಲ್ಲವಾದುದರಿಂದ ಆ ಕಾಯಿದೆಯ ವಿಧಿಗಳೂ ಅನ್ವಯಿಸಲಿಲ್ಲ. ಒಡೆಯನಿಗೆ ಯಾವುದು ಹೆಚ್ಚು ಸೌಮ್ಯವಾದ ಮಾರ್ಗವೋ ಅದೇ ಮಾರ್ಗವು ಭೂಹೀನನಿಗೆ ಶಾಸನವು ಕೊಟ್ಟಿದ್ದ ಒಂದೇ ಆಸರೆಯನ್ನು ತಪ್ಪಿಸಿತು. ಇದು ಯಾರದೋ ದುರುದ್ದೇಶದಿಂದ ಆದುದೆಂದು ಹೇಳಬೇಕಾಗಿಲ್ಲ. ಒಳ್ಳೆಯ ವ್ಯವಸ್ಥೆಯೊಂದರ ನೆರಳು ಬಿದ್ದ ಜಾಗವಿದು. ಆ ಕಾರಣದಿಂದಲೇ ಇದು ಕಣ್ಣಿಗೆ ಬೀಳದೆ ಹೋಗುವ ಸಂಭವವು ಹೆಚ್ಚು.

೫. ಆಕ್ಷೇಪಗಳು ಮತ್ತು ಸಮಾಧಾನ

ಮೊದಲನೆಯ ಆಕ್ಷೇಪ: “ಗುತ್ತಿಗೆಯು ಇಬ್ಬರ ನಡುವಣ ಸ್ವತಂತ್ರ ವ್ಯವಹಾರ. ತನ್ನ ಹೊಲವನ್ನು ಬೀಳುಬಿಡುವ ರೈತನು ಕೂಲಿಯವನಿಗೆ ಪರಿಹಾರ ಕೊಡುವನೇ? ಸೌರಕ್ಷೇತ್ರಕ್ಕೆ ಕೊಟ್ಟಾಗ ಮಾತ್ರ ಏಕೆ ಕೊಡಬೇಕು?” ಇದಕ್ಕೆ ಸಮಾಧಾನ: ಒಬ್ಬನು ಹೊಲವನ್ನು ಬೀಳುಬಿಟ್ಟರೆ ಕೂಲಿಯವನು ಪಕ್ಕದ ಹೊಲಕ್ಕೆ ಹೋಗಬಲ್ಲನು. ಐದು ಗ್ರಾಮಗಳ ೧೩,೦೦೦ ಎಕರೆ ಏಕಕಾಲದಲ್ಲಿ ಬೇಲಿಯೊಳಗೆ ಸೇರಿದಾಗ ಪಕ್ಕದ ಹೊಲವೆಂಬುದೇ ಇಲ್ಲವಾಗುವುದು. ಅದೂ ಅಲ್ಲದೆ, ಸರ್ಕಾರವು ನಿಗಮ ಸ್ಥಾಪಿಸಿ, ಕೇಂದ್ರದ ಸಹಾಯಧನ ಪಡೆದು, ಸಾರ್ವಜನಿಕ ಹಿತದ ಹೆಸರಿನಲ್ಲಿ ಕೈಗೊಂಡ ಕಾರ್ಯವು ಕೇವಲ ಇಬ್ಬರ ವ್ಯವಹಾರವಾಗಿ ಉಳಿಯುವುದಿಲ್ಲ.

ಎರಡನೆಯ ಆಕ್ಷೇಪ: “ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಗೆಂದು ಕಾಯಿದೆಯೇ ಇದೆಯಲ್ಲ?” ಇದೆ. ೨೦೧೩ರ ಕಂಪನಿ ಕಾಯಿದೆಯ ೧೩೫ನೆಯ ಪ್ರಕರಣದಂತೆ, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ ೨ನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸತಕ್ಕದ್ದು. ಕಾರ್ಯಕ್ಷೇತ್ರದ ಸುತ್ತಣ ಪ್ರದೇಶಕ್ಕೆ ಆದ್ಯತೆ ಕೊಡತಕ್ಕದ್ದು. ಶಾಲೆಯ ಕೊಠಡಿ, ಶುದ್ಧಜಲದ ಘಟಕ ಮೊದಲಾದವು ಇಂತಹ ಹಣದಿಂದ ನಾಡಿನ ಎಷ್ಟೋ ಹಳ್ಳಿಗಳಲ್ಲಿ ಆಗಿವೆ. ಆದರೆ ಈ ವಿಧಿಯು ೫೦೦ ಕೋಟಿ ರೂಪಾಯಿ ನಿವ್ವಳ ಆಸ್ತಿ, ಅಥವಾ ೧,೦೦೦ ಕೋಟಿ ವಹಿವಾಟು, ಅಥವಾ ೫ ಕೋಟಿ ಲಾಭ ಇವುಗಳಲ್ಲಿ ಒಂದನ್ನಾದರೂ ಮುಟ್ಟಿದ ಕಂಪನಿಗೆ ಮಾತ್ರ ಅನ್ವಯಿಸುವುದು. ಲಾಭವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಯಾವ ಕಾರ್ಯಕ್ಕೆ ಎಂಬುದನ್ನು ಕಂಪನಿಯ ಆಡಳಿತ ಮಂಡಳಿಯೇ ನಿರ್ಣಯಿಸುವುದು. ಕೊಡುವವನ ಇಚ್ಛೆಗೆ ಬಿಟ್ಟುದು ದಾನ. ಪಡೆಯುವವನ ಹಕ್ಕಿಗೆ ಸಂದುದು ಪಾಲು. ದಾನದಿಂದ ಪಾಲಿನ ಕೊರತೆಯು ತುಂಬದು.

ಮೂರನೆಯ ಆಕ್ಷೇಪ: “ದರವು ಹರಾಜಿನಲ್ಲಿ ನಿಶ್ಚಿತವಾಗಿಹೋಗಿದೆ. ಉದ್ಯಮವು ಹೆಚ್ಚಿನ ಹಣವನ್ನು ಎಲ್ಲಿಂದ ತರಬೇಕು?” ಇದು ತೂಕವುಳ್ಳ ಮಾತು. ಪೈಸೆ ಪೈಸೆಗೆ ಸ್ಪರ್ಧಿಸಿ ಗೆದ್ದವನ ಮೇಲೆ ಆಮೇಲೆ ಹೊಸ ಭಾರವನ್ನು ಹೊರಿಸುವುದು ಸುಲಭವಲ್ಲ. ಆದುದರಿಂದಲೇ ಸಮುದಾಯದ ಪಾಲನ್ನು ಹರಾಜಿಗೆ ಮುಂಚೆಯೇ ಷರತ್ತಿನಲ್ಲಿ ಬರೆಯತಕ್ಕದ್ದು. ಎಲ್ಲ ಸ್ಪರ್ಧಿಗಳಿಗೂ ಸಮಾನವಾದ ಭಾರವು ಯಾರಿಗೂ ಅನ್ಯಾಯವಲ್ಲ. ಪಾವಗಡದಂತಹ ಕ್ಷೇತ್ರದಲ್ಲಿ ಯೂನಿಟ್ಟಿಗೆ ಒಂದೇ ಒಂದು ಪೈಸೆಯನ್ನು ಗ್ರಾಮನಿಧಿಗೆಂದು ಮೊದಲೇ ತೆಗೆದಿರಿಸಿದ್ದರೆ, ಮೇಲೆ ಹೇಳಿದ ಉತ್ಪಾದನೆಯ ಲೆಕ್ಕದಂತೆ, ವರ್ಷಕ್ಕೆ ಸುಮಾರು ಮೂರೂವರೆ ಕೋಟಿ ರೂಪಾಯಿ ಐದು ಗ್ರಾಮಗಳಿಗೆ ದೊರೆಯುತ್ತಿತ್ತು. ಪಟ್ಟಣದಲ್ಲಿ ದೀಪ ಉರಿಸುವವನಿಗೆ ಒಂದು ಪೈಸೆಯ ಭಾರ ತಿಳಿಯದು. ತಿರುಮಣಿಯ ಕೂಲಿಯವಳಿಗೆ ಅದು ಸಂಸಾರದ ಆಧಾರವಾದೀತು.

೬. ಮುಂದಿನ ಕ್ಷೇತ್ರಗಳಿಗೆ ಪಾಠ

ನಾಡಿನಲ್ಲಿ ಸೌರಶಕ್ತಿಯ ವಿಸ್ತಾರವು ಪಾವಗಡಕ್ಕೆ ನಿಲ್ಲತಕ್ಕದ್ದಲ್ಲ. ಬಯಲುಸೀಮೆಯ ಇತರ ಗೃಹಸ್ಥರ ಬಾಗಿಲಿಗೂ ಗುತ್ತಿಗೆಯ ಪತ್ರವು ಬರಬಹುದು. ಆಗ ವಿಚಾರಿಸಬೇಕಾದ ಅಂಶಗಳು ಹೀಗಿವೆ.

ಮೊದಲನೆಯದಾಗಿ, ಗೇಣಿಯ ಏರಿಕೆಯು ಬೆಲೆಗಳ ಏರಿಕೆಯೊಡನೆ ಹೊಂದಿಕೊಂಡಿರತಕ್ಕದ್ದು. ಮೊದಲ ವರ್ಷದ ಮೊತ್ತಕ್ಕಿಂತ ಕೊನೆಯ ವರ್ಷದ ಬೆಲೆಯನ್ನು ಎಣಿಸಿ ರುಜು ಹಾಕತಕ್ಕದ್ದು. ಎರಡನೆಯದಾಗಿ, ತೀರಿಹೋದ ಹಿರಿಯರ ಹೆಸರಿನಲ್ಲಿಯೇ ಉಳಿದ ಖಾತೆಯನ್ನು ವಾರಸುದಾರರಿಗೆ ಮಾಡಿಸಿ, ಮನೆಯೊಡತಿಯ ಹೆಸರನ್ನೂ ಸೇರಿಸಿದರೆ ಹಣವು ಸಂಸಾರಕ್ಕೆ ಸಲ್ಲುವುದು. ಮೂರನೆಯದಾಗಿ, ಬದುಗಳನ್ನು ಸಮಗೊಳಿಸಿದ ಮೇಲೆ ಯಾರ ಹೊಲ ಎಲ್ಲಿ ಎಂಬುದು ಕಣ್ಣಿಗೆ ತಿಳಿಯದು. ಆದಕಾರಣ ಅಳತೆಯ ನಕ್ಷೆಯ ಪ್ರತಿಯನ್ನು ಮೊದಲೇ ಪಡೆದು, ಮೊಮ್ಮಕ್ಕಳಿಗೂ ಸಿಕ್ಕುವಂತೆ ಕಾಪಾಡತಕ್ಕದ್ದು.

ನಾಲ್ಕನೆಯದು ಅವಧಿ ಮುಗಿದ ಮೇಲಿನ ವಿಚಾರ. ಸೌರಫಲಕಗಳ ಆಯುಸ್ಸು ಸುಮಾರು ೨೫ ವರ್ಷ. ಪಾವಗಡದ ಗುತ್ತಿಗೆಗಳು ೨೦೪೦ರ ದಶಕದ ಮಧ್ಯದಲ್ಲಿ ಮುಗಿಯುವಾಗ ಲಕ್ಷಾಂತರ ಹಳೆಯ ಫಲಕಗಳೂ ನೆಲದೊಳಗೆ ಹೂತ ಕಂಬಗಳೂ ಉಳಿದಿರುವುವು. ೨೦೨೨ರ ವಿದ್ಯುನ್ಮಾನ ತ್ಯಾಜ್ಯ ನಿಯಮಗಳು ಸೌರಫಲಕಗಳನ್ನು ತಮ್ಮ ವ್ಯಾಪ್ತಿಗೆ ತೆಗೆದುಕೊಂಡು, ೨೦೩೪–೩೫ರವರೆಗಿನ ತ್ಯಾಜ್ಯ ಫಲಕಗಳನ್ನು ತಯಾರಕರೇ ಸಂಗ್ರಹಿಸಿಡಬೇಕೆಂದು ವಿಧಿಸಿವೆ. ಫಲಕಕ್ಕೆ ಹೀಗೆ ಹೊಣೆಗಾರರು ದೊರೆತರು; ಹೊಲವನ್ನು ಮತ್ತೆ ಉಳುವಂತೆ ಮಾಡಿಕೊಡುವ ಹೊಣೆಯು ಯಾರದೆಂಬುದನ್ನು ಗುತ್ತಿಗೆಯ ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಯಿಸತಕ್ಕದ್ದು.

ಐದನೆಯದಾಗಿ, ಫಲಕಗಳ ಕೆಳಗಿನ ನೆಲವು ಬಂಜೆಯಾಗಿಯೇ ಇರಬೇಕೆಂಬ ನಿಯಮವಿಲ್ಲ. ೨೦೧೫ರಿಂದ ಸಂಪೂರ್ಣ ಸೌರಶಕ್ತಿಯಿಂದ ನಡೆಯುತ್ತಿರುವ ಕೊಚ್ಚಿಯ ವಿಮಾನ ನಿಲ್ದಾಣದ ಸೌರಕ್ಷೇತ್ರದಲ್ಲಿ ಫಲಕಗಳ ನಡುವೆ ತರಕಾರಿಯನ್ನು ಬೆಳೆಯುವರು. ಫಲಕ ತೊಳೆದ ನೀರೇ ಗಿಡಕ್ಕೆ ಸಲ್ಲುವುದು. ಹೊರದೇಶಗಳಲ್ಲಿ ಫಲಕಗಳ ಕೆಳಗೆ ಕುರಿಗಳನ್ನು ಮೇಯಿಸುವುದು ಬಳಕೆಗೆ ಬಂದಿದೆ. ಕುರಿ ಹುಲ್ಲನ್ನು ಮೇಯ್ದರೆ ಕಂಪನಿಗೆ ಹುಲ್ಲು ಕೊಯ್ಯಿಸುವ ಖರ್ಚು ಉಳಿಯುವುದು, ಕುರಿಗಾಹಿಗೆ ಮೇವು ದೊರೆಯುವುದು. ಆದರೆ ಕುರಿಯು ತಲೆಯೆತ್ತಿ ನಡೆಯುವಷ್ಟು ಎತ್ತರಕ್ಕೆ ಫಲಕವನ್ನು ಕೂಡಿಸಬೇಕಾದರೆ ಅದನ್ನು ನಕ್ಷೆ ಬರೆಯುವಾಗಲೇ ಯೋಚಿಸಿರಬೇಕು. ಬೇಲಿ ಹಾಕುವ ಮುನ್ನ ಕುರಿಗಾಹಿಯನ್ನು ಒಂದು ಮಾತು ಕೇಳಿದ್ದರೆ ಮಾತ್ರ ಇದು ಸಾಧ್ಯ.

ಕೊನೆಯದಾಗಿ, ಇವೆಲ್ಲವನ್ನೂ ನಿರ್ಣಯಿಸುವ ಸ್ಥಳ ಯಾವುದು? ಗ್ರಾಮಸಭೆ. ಕಂಪನಿಯ ಕಚೇರಿಯಲ್ಲಿ ಭೂಮಾಲೀಕನಿಗೆ ಮಾತ್ರ ಕುರ್ಚಿಯುಂಟು. ಗ್ರಾಮಸಭೆಯಲ್ಲಿ ಮತದಾರರಾದ ಎಲ್ಲರಿಗೂ ಸ್ಥಾನವುಂಟು. ಯಾರ ಕೂಲಿ ನಿಲ್ಲುವುದು, ಯಾವ ದಾರಿ ಮುಚ್ಚುವುದು, ಯಾವ ಗೋಮಾಳ ಹೋಗುವುದು ಎಂಬ ಪಟ್ಟಿಯನ್ನು ಅಲ್ಲಿ ಬರೆದು, ಅದನ್ನು ಒಡಂಬಡಿಕೆಯ ಅಂಗವಾಗಿ ಮಾಡಿದರೆ, ೨೦೧೩ರ ಕಾಯಿದೆಯು ಸ್ವಾಧೀನಕ್ಕೆ ವಿಧಿಸಿದ ನ್ಯಾಯವನ್ನು ಗುತ್ತಿಗೆಯೂ ಸ್ವೇಚ್ಛೆಯಿಂದ ಪಾಲಿಸಿದಂತಾಗುವುದು.

೭. ಉಪಸಂಹಾರ

ಗೇಣಿ ಪಡೆಯುವ ಗೃಹಸ್ಥನಿಗೂ ಇಲ್ಲಿ ಒಂದು ಕರ್ತವ್ಯವುಂಟು. ಕೂತಲ್ಲಿಗೆ ಹಣ ಬಂದಿತೆಂದು ಕಾಯಕವನ್ನು ಬಿಟ್ಟರೆ ೨೮ ವರ್ಷಗಳ ಬಳಿಕ ಅವನ ಮನೆಯಲ್ಲಿ ಭೂಮಿಯಿರುವುದು, ಉಳುವ ಕೈಯಿರುವುದಿಲ್ಲ. ಗೇಣಿಯಲ್ಲಿ ಒಂದು ಭಾಗವನ್ನು ಮಕ್ಕಳ ವಿದ್ಯೆಗೂ ಹೊಸ ಕಸುಬಿಗೂ ಹಾಕತಕ್ಕದ್ದು. ತನ್ನ ಹೊಲದಲ್ಲಿ ದುಡಿದವರ ಮನೆಯಲ್ಲಿ ಇಂದು ಒಲೆ ಉರಿಯಿತೇ ಎಂದು ವಿಚಾರಿಸತಕ್ಕದ್ದು. ಉದ್ಯಮಕ್ಕೂ ಸರ್ಕಾರಕ್ಕೂ ನೆನಪು ಮಾಡಿಕೊಡಬಲ್ಲ ಸ್ಥಾನದಲ್ಲಿರುವವನು ಅವನೇ. ಅವನ ರುಜುವಿಲ್ಲದೆ ಒಂದು ಫಲಕವೂ ಏಳದು. ಆ ರುಜುವಿಗೆ ಮುನ್ನ, ಪಹಣಿಯಲ್ಲಿಲ್ಲದ ನೆರೆಯವನ ಪಾಲು ಎಲ್ಲಿದೆ ಎಂದು ಅವನು ಒಂದು ಮಾತು ಕೇಳಿದರೆ, ಮೂವರ ಒಡಂಬಡಿಕೆಯಲ್ಲಿ ನಾಲ್ಕನೆಯವನಿಗೂ ಜಾಗ ದೊರೆಯುವುದು. ಸೂರ್ಯನ ಬೆಳಕಿಗೆ ಪಹಣಿಯಿಲ್ಲ. ಅದರಿಂದ ಬಂದ ಫಲವೂ ಪಹಣಿಯಲ್ಲಿ ಹೆಸರುಳ್ಳವರಿಗೆ ಮಾತ್ರವೇ ಸಲ್ಲಬಾರದು.